ಕೊಚ್ಚಿಯ ಕಾಲು: ಜೀವಕೋಶದ ಕಣ್ಣು ತಪ್ಪಿಸಿದ ಹುಳದ ಚರಿತ್ರೆ

ವಿಡಿಯೋ ನೋಡಲು ಪುರುಸೊತ್ತು ಇಲ್ಲದವರಿಗೆ, ಆಫೀಸ್ ಬಸ್ಸಿನಲ್ಲಿ ಕೂತು ಓದುವವರಿಗೆ, ಎಂದಿನಂತೆ ಬರಹರೂಪ ಇಲ್ಲಿದೆ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ನಾನು ಎಷ್ಟು ಸಲ "ಅಂದ್ರೆ" ಅಂದೆನೋ ಅದನ್ನೆಲ್ಲ ತೆಗೆದಿದ್ದೇನೆ.

ಮೊದಲು ಒಂದು ರಾತ್ರಿಯ ಕಥೆ. ಫೋರ್ಟ್ ಕೊಚ್ಚಿಯಲ್ಲಿ ನಾನು ಬಾಡಿಗೆಗೆ ಇರುವುದು ಹಳೇ ಮನೆ. ಕೆಳಗೆ ಮಾಲೀಕರು, ಮೇಲೆ ನಾನು. ಒಂದು ರಾತ್ರಿ ಒಂಬತ್ತು ಗಂಟೆ ಹೊತ್ತಿಗೆ, ಅಮೆರಿಕದ ತಂಡದ ಜೊತೆ ಕಾಲ್‌ನಲ್ಲಿ ಇದ್ದಾಗ ಯಾರೋ ಬಾಗಿಲು ಬಡಿದರು. ನೋಡಿದರೆ ಆರೋಗ್ಯ ಇಲಾಖೆಯವರು ಇಬ್ಬರು. ಕೈಯಲ್ಲಿ ಗಾಜಿನ ಸ್ಲೈಡುಗಳ ಡಬ್ಬಿ, ಸೂಜಿ, ಹತ್ತಿ. ಬೆರಳು ಚುಚ್ಚಿ ಒಂದು ಹನಿ ರಕ್ತ ತಗೋತೀವಿ, ಮಂತ್ ಪರೀಕ್ಷೆ ಅಂದರು. ಮಂತ್ ಅಂದರೆ ಮಲಯಾಳಂನಲ್ಲಿ ಆನೆಕಾಲು ರೋಗ. ನಾನು ಇಯರ್‌ಫೋನ್ ತೆಗೆದು, ನನ್ನ ಎರಡೂ ಕಾಲು ತೋರಿಸಿ, "ಚೇಟ್ಟಾ, ನನಗೇನೂ ಆಗಿಲ್ಲ. ಕೆಳಗೆ ಅಮ್ಮಚ್ಚಿ ಇದ್ದಾರಲ್ಲ, ಅವರನ್ನು ನೋಡಿ" ಅಂದೆ. ಅಮ್ಮಚ್ಚಿ ಅಂದರೆ ಮಾಲೀಕರ ತಾಯಿ. ವಯಸ್ಸು ಎಂಬತ್ತು ದಾಟಿದೆ. ಅವರ ಎಡಗಾಲು ಮೊಣಕಾಲಿನಿಂದ ಕೆಳಗೆ ಊದಿ ಕಂಬದ ಹಾಗೆ ಆಗಿದೆ.

ಆ ಇಬ್ಬರಲ್ಲಿ ಹಿರಿಯರು ನಕ್ಕರು. "ಮೋನೇ, ಅಮ್ಮಚ್ಚಿ ರಕ್ತದಲ್ಲಿ ಹುಳ ಸಿಗೋದು ಕಷ್ಟ. ಸಿಗೋದಾದರೆ ನಿನ್ನಂಥ ಆರಾಮಾಗಿ ಇರೋರಲ್ಲೇ ಸಿಗತ್ತೆ" ಅಂದರು. ನಾನು "ಇನ್ನೊಂದು ದಿನ ಬನ್ನಿ" ಅಂತ ಹೇಳಿ ಬಾಗಿಲು ಹಾಕಿಕೊಂಡೆ. ಅವರು ಮುಂದಿನ ಮನೆಗೆ ಹೋದರು.

ಕಾಲ್ ಮುಗಿದ ಮೇಲೆ ಆ ಮಾತು ತಲೆ ಕೊರೆಯೋಕೆ ಶುರುವಾಯಿತು. ಕಾರಣ ಇದೆ. ನಮ್ಮೂರು ಹೊನ್ನಾವರದ ಕಡೆ. ನಮ್ಮ ಅಜ್ಜಿಯ ಅಕ್ಕ, ನಾವು ದೊಡ್ಡಜ್ಜಿ ಅನ್ನುತ್ತಿದ್ದವರಿಗೂ ಹೀಗೇ ಒಂದು ಕಾಲು ಊದಿತ್ತು. ಮದುವೆ ಮನೆಗೆ ಬಂದರೆ ಹಿಂದಿನ ಜಗಲಿಯಲ್ಲಿ ಕೂರುತ್ತಿದ್ದರು. ಹಿಂದಿನ ಜನ್ಮದ ಪಾಪ ಅಂತ ಕೆಲವರು, ಅಂಟುತ್ತದೆ ಅಂತ ಕೆಲವರು. ಪಂಕ್ತಿಯಲ್ಲಿ ಅವರ ಪಕ್ಕದ ಎಲೆಗೆ ಯಾರೂ ಕೂರುತ್ತಿರಲಿಲ್ಲ. ಹುಳ ನಿಜವಾಗಿ ಇರುವುದು ಪಂಕ್ತಿಯಲ್ಲಿ ಕೂತ ಆರೋಗ್ಯವಂತರ ರಕ್ತದಲ್ಲಿ ಅನ್ನುವುದಾದರೆ, ನಾವು ಇಷ್ಟು ಕಾಲ ದೂರ ಇಟ್ಟಿದ್ದು ಯಾರನ್ನು?

ನಾನು ಡಾಕ್ಟರ್ ಅಲ್ಲ, ಎಂಟೆಕ್ ಮಾಡಿ ಕೋಡ್ ಬರೆಯುವವನು. ಒಂದು ತಿಂಗಳು ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ಹೇಳ್ತೀನಿ.

ಶಾಪ, ಆಮೇಲೆ ನೀರು

ಈ ರೋಗಕ್ಕೂ ಕೊಚ್ಚಿಗೂ ನಂಟು ಎಷ್ಟು ಹಳೇದು ಅಂದರೆ, ಇಂಗ್ಲಿಷರು ಇದನ್ನು ಒಂದು ಕಾಲದಲ್ಲಿ "ಕೊಚ್ಚಿನ್ ಲೆಗ್" ಅಂತಲೇ ಕರೆಯುತ್ತಿದ್ದರು. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ಎಂಬ ಪ್ರಸಿದ್ಧ ನಿಘಂಟಿನಲ್ಲಿ ಈ ಹೆಸರಿಗೆ ಒಂದು ನಮೂದೇ ಇದೆ. ಅದನ್ನು ಮಾಡಿದವರು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್. ಈ ಬರ್ನೆಲ್ ನಮ್ಮ ಮಂಗಳೂರಿನಲ್ಲೂ ಕೆಲಸ ಮಾಡಿದ್ದವರು.

ಕಾರಣ ಏನು ಅನ್ನುವುದಕ್ಕೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ. ಡಚ್ ಪ್ರವಾಸಿ ಲಿನ್ಸ್‌ಖೋಟನ್ 1580ರ ದಶಕದಲ್ಲಿ ಗೋವಾದಲ್ಲಿ ಇದ್ದವನು. 1596ರ ತನ್ನ ಪುಸ್ತಕದಲ್ಲಿ ಅವನು ಬರೆದಿರುವ ಪ್ರಕಾರ, ಸಂತ ಥಾಮಸನನ್ನು ಕೊಂದವರ ವಂಶದವರಿಗೆ ಆನೆಯಂಥ ಕಾಲು ಬರುತ್ತದೆ ಎಂಬ ನಂಬಿಕೆ ಆಗ ಜನರಲ್ಲಿ ಇತ್ತು. ಅಂದರೆ ಶಾಪ.

1727ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಹಡಗಿನ ಕಪ್ತಾನ ತನ್ನ ಪ್ರವಾಸದ ಪುಸ್ತಕ ಪ್ರಕಟಿಸಿದ. ಅವನು ಶಾಪದ ಕಥೆಯನ್ನೂ ಹೇಳುತ್ತಾನೆ, ಆದರೆ ದೂರುವುದು ಕೊಚ್ಚಿಯ ಉಪ್ಪುಮಿಶ್ರಿತ ನೀರನ್ನು. ಆಗ ಕೋಟೆ ಡಚ್ಚರ ಕೈಯಲ್ಲಿ ಇತ್ತು. 1663ರಲ್ಲಿ ಪೋರ್ಚುಗೀಸರಿಂದ ಗೆದ್ದುಕೊಂಡಿದ್ದರು. ಈ ಕಾಯಿಲೆಗೆ ಹೆದರಿ ಡಚ್ಚರು ದಿನವೂ ದೋಣಿ ಕಳಿಸಿ, ಮೇಲಿನ ವರಾಪುಳದಿಂದ ಪೀಪಾಯಿಗಳಲ್ಲಿ ಸಿಹಿನೀರು ತರಿಸುತ್ತಿದ್ದರಂತೆ. ಇವತ್ತು ನಮ್ಮ ಬೀದಿಗೆ ಟ್ಯಾಂಕರ್ ಬಂದಾಗೆಲ್ಲ ನನಗೆ ಆ ದೋಣಿ ನೆನಪಾಗುತ್ತದೆ. ನೀರು ತರಿಸಿದ್ದು ಒಳ್ಳೇದೇ, ಆದರೆ ಕಾಯಿಲೆಗೆ ಅದರಿಂದ ಏನೂ ಆಗಲಿಲ್ಲ. ಸೊಳ್ಳೆ ಪೀಪಾಯಿಯ ನೀರು ಯಾವುದು ಅಂತ ನೋಡಿ ಕಚ್ಚುವುದಿಲ್ಲವಲ್ಲ.

ಕೇರಳದವರ ಬಳಿ ಒಂದು ಜನಪದ ಕಥೆ ಇದೆ. ನಾರಾಣತ್ತು ಭ್ರಾಂತನ್ ಎಂಬ ಹುಚ್ಚ-ಜ್ಞಾನಿ, ದಿನವೂ ಬೆಟ್ಟದ ಮೇಲೆ ಬಂಡೆ ಉರುಳಿಸಿಕೊಂಡು ಹೋಗಿ ಕೆಳಗೆ ಬಿಟ್ಟು ನಗುವವನು. ಅವನಿಗೂ ಮಂತ್ ಇತ್ತು. ಸ್ಮಶಾನದಲ್ಲಿ ದೇವಿ ಎದುರಾಗಿ ವರ ಕೇಳು ಅಂದಾಗ, ನನ್ನ ಆಯಸ್ಸು ಒಂದು ದಿನ ಹೆಚ್ಚಿಸು ಅಂದ. ಆಗಲ್ಲ ಅಂದಳು. ಒಂದು ದಿನ ಕಡಿಮೆ ಮಾಡು ಅಂದ. ಅದೂ ಆಗಲ್ಲ. ಹಾಗಾದರೆ ಈ ಕಾಲಿನ ಮಂತನ್ನು ಆ ಕಾಲಿಗೆ ಹಾಕು ಅಂದನಂತೆ. ಆಯಿತು ಅಂತ ಹಾಕಿ ಹೋದಳು. ನಗು ಬರುವ ಕಥೆ, ಆದರೆ ಈ ರೋಗದ ಚರಿತ್ರೆಯೂ ಬಹಳ ಕಾಲ ಹೀಗೇ ನಡೆಯಿತು. ದೂರು ಶಾಪದಿಂದ ನೀರಿಗೆ ಹೋಯಿತು, ಕಾಯಿಲೆ ಇದ್ದಲ್ಲೇ ಇತ್ತು.

ಸೊಳ್ಳೆ ಸಿಕ್ಕಿತು, ನೀರು ಬಿಡಲಿಲ್ಲ

1872ರಲ್ಲಿ ಕಲ್ಕತ್ತಾದಲ್ಲಿ ಟಿಮೊಥಿ ಲೂಯಿಸ್ ಎಂಬ ವೈದ್ಯ ಮನುಷ್ಯರ ರಕ್ತದಲ್ಲಿ ಕೂದಲೆಳೆಗಿಂತ ತೆಳ್ಳಗಿನ ಮರಿಹುಳಗಳನ್ನು ಕಂಡ. ಇವಕ್ಕೆ ಈಗ ಮೈಕ್ರೋಫೈಲೇರಿಯಾ ಅನ್ನುತ್ತಾರೆ. 1876ರಲ್ಲಿ ಆಸ್ಟ್ರೇಲಿಯಾದಲ್ಲಿ ಜೋಸೆಫ್ ಬ್ಯಾಂಕ್ರಾಫ್ಟ್‌ಗೆ ದೊಡ್ಡ ಹುಳ ಸಿಕ್ಕಿತು. 1877ರಲ್ಲಿ ಚೀನಾದ ಅಮೋಯ್‌ನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್, ರಕ್ತದಲ್ಲಿ ಹುಳವಿದ್ದ ತನ್ನ ತೋಟದ ಆಳನ್ನು ಸೊಳ್ಳೆಗಳಿಂದ ಕಚ್ಚಿಸಿ, ಆ ಸೊಳ್ಳೆಗಳನ್ನು ಸೀಳಿ ನೋಡಿ, ಮರಿಹುಳ ಸೊಳ್ಳೆಯೊಳಗೆ ಬೆಳೆಯುವುದನ್ನು ತೋರಿಸಿದ. ಸೊಳ್ಳೆಯೊಳಗೆ ಮನುಷ್ಯರ ರೋಗಾಣು ಬೆಳೆಯುತ್ತದೆ ಎಂದು ತಿಳಿದದ್ದು ಇದೇ ಮೊದಲು. ರೊನಾಲ್ಡ್ ರಾಸ್‌ನ ಮಲೇರಿಯಾ ಶೋಧಕ್ಕೆ ಇನ್ನೂ 20 ವರ್ಷ ಇತ್ತು.

ತಮಾಷೆ ಏನು ಗೊತ್ತಾ? ಅಷ್ಟು ಕಂಡ ಮ್ಯಾನ್ಸನ್ ಕೂಡ ನೀರನ್ನು ಬಿಡಲಿಲ್ಲ. ಸೊಳ್ಳೆ ನೀರಿನಲ್ಲಿ ಸತ್ತು ಬೀಳುತ್ತದೆ, ಆ ನೀರು ಕುಡಿದವರಿಗೆ ಹುಳ ಬರುತ್ತದೆ ಅಂದುಕೊಂಡ. 1900ರಲ್ಲಿ ಜಾರ್ಜ್ ಕಾರ್ಮೈಕಲ್ ಲೋ ಸೊಳ್ಳೆಯ ಸೊಂಡಿಲಿನಲ್ಲೇ ಮರಿಹುಳಗಳನ್ನು ಕಂಡಮೇಲೆ, ಕಚ್ಚುವುದರಿಂದಲೇ ಬರುತ್ತದೆ ಅನ್ನುವುದು ಗಟ್ಟಿಯಾಯಿತು.

ಇನ್ನೊಂದು ವಿಷಯ ಮ್ಯಾನ್ಸನ್ ಕಂಡದ್ದು ಇವತ್ತಿಗೂ ನಡೆಯುತ್ತಿದೆ. ಈ ಮರಿಹುಳಗಳು ಹಗಲಿನಲ್ಲಿ ಶ್ವಾಸಕೋಶದ ಒಳನಾಳಗಳಲ್ಲಿ ಅಡಗಿ, ಸೊಳ್ಳೆ ಕಚ್ಚುವ ರಾತ್ರಿ ಹೊತ್ತಿಗೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಆರೋಗ್ಯ ಇಲಾಖೆಯವರು ರಾತ್ರಿ ಒಂಬತ್ತಕ್ಕೆ ನನ್ನ ಬಾಗಿಲು ಬಡಿದದ್ದು ಅದಕ್ಕೇ. ನನಗೆ ಕಾಲ್ ಇತ್ತು, ಅವರಿಗೆ ಹುಳದ ವೇಳಾಪಟ್ಟಿ ಇತ್ತು.

ಚೇರ್ತಲದ ಅಂತರಗಂಗೆ

ಕೊಚ್ಚಿ ಕಡೆ ಇದಕ್ಕೆ ಎರಡು ಹುಳ ಕಾರಣ. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಯಂಥ ಪೇಟೆಗಳಲ್ಲಿ ಚರಂಡಿ ನೀರಿನ ಕ್ಯೂಲೆಕ್ಸ್ ಸೊಳ್ಳೆ ಹೊತ್ತು ತರುವುದು ವುಚೆರೇರಿಯಾ ಬ್ಯಾಂಕ್ರಾಫ್ಟಿ. ಆಲಪ್ಪುಳ ರಸ್ತೆಯಲ್ಲಿ ದಕ್ಷಿಣಕ್ಕೆ ಗಂಟೆ ಹೊತ್ತು ಹೋದರೆ ಸಿಗುವ ಚೇರ್ತಲದಲ್ಲಿ ಬೇರೆಯದು: ಬ್ರೂಗಿಯಾ ಮಲಾಯಿ. ಇದನ್ನು 1927ರಲ್ಲಿ ಡಚ್ಚರ ಆಳ್ವಿಕೆಯ ಇಂಡೋನೇಷ್ಯಾದಲ್ಲಿ ಗುರುತಿಸಿದ್ದು. ಬ್ರೂಗ್ ಎಂಬ ಡಚ್ ವಿಜ್ಞಾನಿಯ ಹೆಸರನ್ನು ಆಮೇಲೆ ಇಟ್ಟರು.

ಆಗಿನ ನಕ್ಷೆ ನೋಡಿದರೆ ಗಮ್ಮತ್ತು. ಫೋರ್ಟ್ ಕೊಚ್ಚಿ ಬ್ರಿಟಿಷರದು, ಪಕ್ಕದ ಮಟ್ಟಾಂಚೇರಿ ಕೊಚ್ಚಿ ಮಹಾರಾಜರದು, ಚೇರ್ತಲ ತಿರುವಾಂಕೂರಿನದು, ಅದರ ರಾಜಧಾನಿ ತಿರುವನಂತಪುರ. ಸೊಳ್ಳೆಗೆ ಮೂರು ಸರ್ಕಾರ. ತಿರುವಾಂಕೂರಿನಲ್ಲಿ 1930ರ ದಶಕದಲ್ಲಿ ಈ ರೋಗದ ದೊಡ್ಡ ಸಮೀಕ್ಷೆ ಮಾಡಿದವರು ಕೀಟವಿಜ್ಞಾನಿ ಎಂ. ಓ. ಟಿ. ಅಯ್ಯಂಗಾರ್. ಪೂರ್ತಿ ಹೆಸರು ಮಂಡಯಂ ಓಸೂರಿ ತಿರುನಾರಾಯಣ ಅಯ್ಯಂಗಾರ್. ಹೆಸರು ಕೇಳಿದರೆ ಮೇಲುಕೋಟೆ ಕಡೆಯವರ ಕಿವಿ ನೆಟ್ಟಗಾಗಬೇಕು. 1938ರಲ್ಲಿ ಪ್ರಕಟವಾದ ಅವರ ವರದಿ ಇಂದಿಗೂ ಈ ವಿಷಯದಲ್ಲಿ ಮೂಲ ಗ್ರಂಥ.

ಅಯ್ಯಂಗಾರರು ಹಿಡಿದದ್ದು ಒಂದು ಗಿಡವನ್ನು. ಚೇರ್ತಲದ ಕೊಳಗಳ ಮೇಲೆ ತೇಲುವ ಪಿಸ್ಟಿಯಾ, ನಾವು ಅಂತರಗಂಗೆ ಅನ್ನುವುದು. ಬೇರೆ ಸೊಳ್ಳೆಗಳ ಮರಿಗಳು ಉಸಿರಾಡಲು ನೀರಿನ ಮೇಲಕ್ಕೆ ಬರಬೇಕು. ಮ್ಯಾನ್ಸೋನಿಯಾ ಸೊಳ್ಳೆಯ ಮರಿ ಹಾಗಲ್ಲ, ಈ ಗಿಡದ ಬೇರಿಗೆ ತನ್ನ ಉಸಿರುನಳಿಕೆ ಚುಚ್ಚಿ ಅಲ್ಲಿಂದಲೇ ಗಾಳಿ ಎಳೆದುಕೊಂಡು ನೀರೊಳಗೇ ಇರುತ್ತದೆ. ನೀರಿನ ಮೇಲೆ ಎಣ್ಣೆ ಸುರಿದರೂ ಅದಕ್ಕೆ ಲೆಕ್ಕವಿಲ್ಲ. ಗಿಡ ತೆಗೆದರೆ ಸೊಳ್ಳೆ ಇಲ್ಲ. ಆದರೆ ತೆಗೆಯುವುದು ಯಾರು? ಅಲ್ಲಿನ ರೈತರಿಗೆ ಅಂತರಗಂಗೆ ತೆಂಗಿನ ಬುಡಕ್ಕೆ ಹಾಕುವ ಹಸಿರುಗೊಬ್ಬರ. ಬೇಕೆಂದೇ ಬೆಳೆಸುತ್ತಿದ್ದರು. ಕೊನೆಗೆ 1980ರ ದಶಕದ ಉತ್ತರಾರ್ಧದಲ್ಲಿ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್‌ನವರು ಬಂದು, ಗಿಡ ತೆಗೆದ ಕೊಳದಲ್ಲಿ ಮೀನು ಸಾಕಿ ದುಡ್ಡು ಮಾಡಿ ಅಂತ ಊರಿನವರನ್ನು ಸೇರಿಸಿಕೊಂಡ ಮೇಲೆ ಕೆಲಸ ಮುಂದೆ ಹೋಯಿತು.

ಸರಿ, ಸೊಳ್ಳೆ ಗೊತ್ತಾಯಿತು, ಹುಳ ಗೊತ್ತಾಯಿತು. ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು. ನೆಗಡಿ ವೈರಸ್ಸನ್ನು ವಾರದಲ್ಲಿ ಓಡಿಸುವ ನಮ್ಮ ಮೈ, ಬೆರಳುದ್ದ ಬೆಳೆಯುವ ಹುಳವನ್ನು ಐದಾರು ವರ್ಷ ಒಳಗೇ ಇಟ್ಟುಕೊಂಡು ಸುಮ್ಮನೆ ಇರುವುದು ಹೇಗೆ? ಆ ಹುಳ ಲಕ್ಷಗಟ್ಟಲೆ ಮರಿ ಹಾಕುತ್ತಿದ್ದರೂ ಜ್ವರ ಸಹ ಬಾರದವರು ಎಷ್ಟೋ ಜನ. ಕಾವಲಿನವರಿಗೆ ಕಾಣುವುದಿಲ್ಲವೇ?

ಜೀವಕೋಶ ತೋರಿಸುವ ಚೂರು

ಇದಕ್ಕೆ ಉತ್ತರ ಬೇಕಾದರೆ ಕಾವಲಿನವರು ನೋಡುವುದು ಏನನ್ನು ಅನ್ನುವುದು ತಿಳಿಯಬೇಕು. ನಮ್ಮ ರೋಗನಿರೋಧಕ ಪಡೆಯ ದಂಡನಾಯಕರು ಟಿ-ಕೋಶಗಳು. ಅವಕ್ಕೆ ಹುಳವಾಗಲಿ, ವೈರಸ್ಸಾಗಲಿ ಇಡಿಯಾಗಿ ಕಾಣುವುದಿಲ್ಲ. ಯಾವುದೋ ಜೀವಕೋಶ ಅದರ ಪ್ರೋಟೀನನ್ನು ಕತ್ತರಿಸಿ, ಒಂದು ಚೂರನ್ನು ತನ್ನ ಮೈಮೇಲಿನ ತಟ್ಟೆಯಲ್ಲಿ ಇಟ್ಟು ತೋರಿಸಬೇಕು. ಆ ತಟ್ಟೆಯ ಹೆಸರು ಎಂಎಚ್‌ಸಿ. ತೋರಿಸುವ ಪರಕೀಯ ಪ್ರೋಟೀನಿಗೆ ಆಂಟಿಜೆನ್ ಅನ್ನುತ್ತಾರೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪ್ರೊಡಕ್ಷನ್ ಸರ್ವರ್ ಒಳಗೆ ಏನಾಗುತ್ತಿದೆ ಅಂತ ನಾವು ಮುಚ್ಚಳ ತೆಗೆದು ನೋಡುವುದಿಲ್ಲ, ಅದು ಬರೆದ ಲಾಗ್ ನೋಡುತ್ತೇವೆ. ಜೀವಕೋಶ ಬರೆಯುವ ಲಾಗ್ ಈ ಚೂರುಗಳು. ಟಿ-ಕೋಶ ಅದನ್ನು ಓದಿಕೊಂಡು ತಿರುಗುತ್ತಾ ಇರುತ್ತದೆ.

ಇದು ತಿಳಿದದ್ದು ಬಹಳ ಹಿಂದೇನಲ್ಲ. 1974ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ರಾಲ್ಫ್ ಜಿಂಕರ್ನಾಗೆಲ್ ಮತ್ತು ಪೀಟರ್ ಡೊಹರ್ಟಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಇಲಿಯ ಟಿ-ಕೋಶ ವೈರಸ್ ಹೊಕ್ಕ ಜೀವಕೋಶವನ್ನು ಕೊಲ್ಲುತ್ತದೆ, ಆದರೆ ಆ ಜೀವಕೋಶದ ಎಂಎಚ್‌ಸಿ ತನ್ನ ಮನೆಯದ್ದೇ ಆಗಿದ್ದರೆ ಮಾತ್ರ. ಅಂದರೆ ಟಿ-ಕೋಶ ವೈರಸ್ಸನ್ನಷ್ಟೇ ನೋಡುತ್ತಿಲ್ಲ, ತಟ್ಟೆ ಮತ್ತು ತಟ್ಟೆಯಲ್ಲಿ ಇರುವುದನ್ನು ಒಟ್ಟಿಗೆ ನೋಡುತ್ತಿದೆ. ಇದಕ್ಕೆ 1996ರಲ್ಲಿ ನೊಬೆಲ್ ಬಂತು. 1985ರಲ್ಲಿ ಎಮಿಲ್ ಉನಾನ್ಯುವೆ ತಂಡ ಪ್ರೋಟೀನಿನ ಚೂರು ನೇರವಾಗಿ ಎಂಎಚ್‌ಸಿಗೆ ಅಂಟಿಕೊಳ್ಳುವುದನ್ನು ತೋರಿಸಿತು. 1987ರಲ್ಲಿ ಪಮೇಲಾ ಬ್ಯೋರ್ಕ್‌ಮನ್ ಮತ್ತು ಸಂಗಡಿಗರು ಎಂಎಚ್‌ಸಿಯ ಆಕಾರವನ್ನೇ ಎಕ್ಸ್-ರೇಯಿಂದ ಕಂಡರು. ಮೇಲೆ ಒಂದು ತೋಡು, ತೋಡಿನಲ್ಲಿ ಚೂರು.

ತೋರಿಸುವ ದಾರಿ ಎರಡು. ಜೀವಕೋಶದ ಒಳಗೇ ತಯಾರಾದ ಪ್ರೋಟೀನು, ಅಂದರೆ ಒಳಹೊಕ್ಕ ವೈರಸ್ ಮಾಡಿಸಿದಂಥದ್ದು, ಮೊದಲನೇ ದರ್ಜೆಯ ತಟ್ಟೆಗೆ ಹೋಗುತ್ತದೆ. ಇದನ್ನು ಹೆಚ್ಚು ಕಡಿಮೆ ಎಲ್ಲ ಜೀವಕೋಶಗಳೂ ಮಾಡುತ್ತವೆ. ಹೊರಗಿನಿಂದ ನುಂಗಿದ್ದು ಎರಡನೇ ದರ್ಜೆಯ ತಟ್ಟೆಗೆ ಹೋಗುತ್ತದೆ. ಇದು ಮುಖ್ಯವಾಗಿ ಕೆಲವೇ ವೃತ್ತಿಪರ ಕೋಶಗಳ ಕೆಲಸ. ಅವುಗಳಲ್ಲಿ ದೊಡ್ಡ ಹೆಸರು ಡೆಂಡ್ರೈಟಿಕ್ ಕೋಶ. 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಇದನ್ನು ಗುರುತಿಸಿದಾಗ ಬಹಳ ಜನ ನಂಬಿರಲಿಲ್ಲ. 2011ರಲ್ಲಿ ನೊಬೆಲ್ ಘೋಷಣೆ ಆಗುವ ಮೂರು ದಿನ ಮೊದಲು ಅವರು ತೀರಿಕೊಂಡಿದ್ದರು.

ನಮ್ಮ ಕಥೆಗೆ ಬೇಕಾದ್ದು ಈ ಎರಡನೇ ದಾರಿ. ಚರ್ಮದಲ್ಲಿ ಕಾಯುವ ಡೆಂಡ್ರೈಟಿಕ್ ಕೋಶ ಸಿಕ್ಕಿದ್ದನ್ನು ನುಂಗುತ್ತದೆ. ನುಂಗಿದ್ದು ಒಂದು ಹುಳಿ ತುಂಬಿದ ಚೀಲಕ್ಕೆ ಹೋಗುತ್ತದೆ. ಅಲ್ಲಿ ಕ್ಯಾಥೆಪ್ಸಿನ್ ಎಂಬ ಕತ್ತರಿಗಳು, ಎಇಪಿ ಎಂಬ ಇನ್ನೊಂದು ಬಗೆಯ ಕತ್ತರಿ, ಎಲ್ಲ ಸೇರಿ ಪ್ರೋಟೀನನ್ನು ತುಂಡು ಮಾಡುತ್ತವೆ. ಅತ್ತ ಎಂಎಚ್‌ಸಿ ತಟ್ಟೆ ಖಾಲಿ ಬರುವುದಿಲ್ಲ, ದಾರಿಯಲ್ಲಿ ಕಂಡದ್ದೆಲ್ಲ ಬೀಳದಿರಲಿ ಅಂತ ತೋಡಿಗೆ ಒಂದು ಮುಚ್ಚಳ ಹಾಕಿಕೊಂಡು ಬರುತ್ತದೆ. ಆ ಮುಚ್ಚಳವನ್ನು ಕತ್ತರಿಸಿ ತೆಗೆಯುವುದರಲ್ಲೂ ಕ್ಯಾಥೆಪ್ಸಿನ್‌ಗಳ ಕೈ ಇದೆ. ಆಮೇಲೆ ಹುಳದ ಚೂರು ಕೂರುತ್ತದೆ, ತಟ್ಟೆ ಹೊರಮೈಗೆ ಬರುತ್ತದೆ. ಡೆಂಡ್ರೈಟಿಕ್ ಕೋಶ ಅದನ್ನು ಹೊತ್ತು ದುಗ್ಧನಾಳದ ಮೂಲಕ ತೊಡೆಸಂದಿನ ಗ್ರಂಥಿಗೋ ಕಂಕುಳಿನ ಗ್ರಂಥಿಗೋ ನಡೆದು, ಅಲ್ಲಿ ಸೇರಿರುವ ಟಿ-ಕೋಶಗಳ ಮುಂದೆ ಹಿಡಿಯುತ್ತದೆ. ನೋಡಿ, ಇದು ಸಿಕ್ಕಿತು ಅಂತ.

ಕತ್ತರಿಗೆ ಬೀಗ

ಈಗ ಹುಳದ ವಿಳಾಸ ನೋಡಿ. ಸೊಳ್ಳೆ ಕಚ್ಚಿದ ತೂತಿನಿಂದ ಒಳಬಂದ ಮರಿ ಹೋಗಿ ನೆಲೆಸುವುದು ಎಲ್ಲಿ? ಅದೇ ದುಗ್ಧನಾಳಗಳಲ್ಲಿ. ಸುದ್ದಿ ಹೊತ್ತವರು ಓಡಾಡುವ ರಸ್ತೆಯ ಮಧ್ಯದಲ್ಲೇ ಮನೆ ಕಟ್ಟಿ ವರ್ಷಗಟ್ಟಲೆ ಸಂಸಾರ.

ಅದು ಸಾಧ್ಯವಾಗುವುದಕ್ಕೆ ಒಂದು ಕಾರಣ 2001ರಲ್ಲಿ ಸಿಕ್ಕಿತು. ಸ್ಕಾಟ್‌ಲೆಂಡಿನ ಡಂಡೀಯಲ್ಲಿ ಕಾಲಿನ್ ವಾಟ್ಸ್ ಅವರ ಪ್ರಯೋಗಾಲಯ ಆಂಟಿಜೆನ್ ಕತ್ತರಿಸುವ ಈ ಎಇಪಿಯ ಮೇಲೆಯೇ ಕೆಲಸ ಮಾಡುತ್ತಿತ್ತು. ಎಡಿನ್‌ಬರೋದಲ್ಲಿ ರಿಕ್ ಮೈಝೆಲ್ಸ್ ಬ್ರೂಗಿಯಾ ಮಲಾಯಿ ಹುಳ ಹೊರಬಿಡುವ ಪ್ರೋಟೀನುಗಳನ್ನು ನೋಡುತ್ತಿದ್ದರು. ಬೆನೆಡಿಕ್ಟ್ ಮನೂರಿ ಮತ್ತಿತರರ ಜೊತೆ ಇಬ್ಬರೂ ಸೇರಿ ಪ್ರಕಟಿಸಿದ್ದು ಇದು: ಈ ಹುಳ ಬಿಎಂ-ಸಿಪಿಐ-2 ಎಂಬ ಒಂದು ಪ್ರೋಟೀನನ್ನು ಹೊರಕ್ಕೆ ಸುರಿಸುತ್ತದೆ. ಅದು ಆ ಹುಳಿ ಚೀಲದ ಕತ್ತರಿಗಳಿಗೆ ಸಿಕ್ಕಿಹಾಕಿಕೊಂಡು ಅವು ಕತ್ತರಿಸದ ಹಾಗೆ ಮಾಡುತ್ತದೆ. ಕ್ಯಾಥೆಪ್ಸಿನ್ ಜಾತಿಯವಕ್ಕೂ ಬೀಗ, ಎಇಪಿಗೂ ಬೀಗ. ಮನುಷ್ಯರ ಬಿ-ಕೋಶಗಳಿಗೆ ಧನುರ್ವಾಯುವಿನ ಆಂಟಿಜೆನ್ ಕೊಟ್ಟು ಪರೀಕ್ಷಿಸಿದಾಗ, ಈ ಪ್ರೋಟೀನ್ ಇದ್ದಲ್ಲಿ ಅದರ ಕೆಲವು ಚೂರುಗಳು ಟಿ-ಕೋಶಗಳಿಗೆ ಕಾಣುವುದೇ ಕಡಿಮೆಯಾಯಿತು.

ಸರ್ವರ್ ಬೀಳಿಸಲಿಲ್ಲ, ಅಲಾರಂ ಮುರಿಯಲಿಲ್ಲ. ಲಾಗ್ ಬರೆಯುವ ಪ್ರೋಗ್ರಾಮಿನ ಕೈ ಹಿಡಿದುಕೊಂಡಿತು ಅಷ್ಟೆ.

2005ರಲ್ಲಿ ಅದೇ ಬಳಗ ಇನ್ನೊಂದು ಮಾತು ಸೇರಿಸಿತು. ಮಣ್ಣಿನಲ್ಲಿ ತನ್ನ ಪಾಡಿಗೆ ಬದುಕುವ ಸಿ. ಎಲಿಗನ್ಸ್ ಎಂಬ ಹುಳದಲ್ಲೂ ಇಂಥದ್ದೇ ಪ್ರೋಟೀನುಗಳಿವೆ. ಆದರೆ ಎಇಪಿಗೆ ಬೀಗ ಹಾಕುವ ಆ ಒಂದು ಭಾಗ ಅವುಗಳಲ್ಲಿ ಇಲ್ಲ. ಮಣ್ಣಿನ ಹುಳಕ್ಕೆ ಯಾರ ಟಿ-ಕೋಶದ ಹೆದರಿಕೆ ಇದೆ? ನಮ್ಮೊಳಗೆ ಬಾಳಬೇಕಾದದ್ದಕ್ಕೆ ಮಾತ್ರ ಆ ಬೀಗ ಬೇಕಾಯಿತು.

ಇದೊಂದೇ ಕಾರಣ ಅಂತ ತಿಳಿಯಬೇಡಿ. ಹುಳದ ಮರಿಗಳು ಡೆಂಡ್ರೈಟಿಕ್ ಕೋಶಗಳನ್ನೇ ಮಂಕು ಮಾಡುತ್ತವೆ, ಶಾಂತವಾಗಿರಿ ಅನ್ನುವ ಸಂಕೇತಗಳನ್ನು ಹೆಚ್ಚಿಸುತ್ತವೆ. ಪ್ರಯೋಗಾಲಯದ ಬಿ-ಕೋಶವೂ ಜೀವಂತ ಮನುಷ್ಯನ ಕಾಲೂ ಒಂದೇ ಅಲ್ಲ. ಆದರೆ ಚೇರ್ತಲದ ಕೊಳದಿಂದ ಬಂದ ಜಾತಿಯ ಹುಳವೇ, ನಮ್ಮ ಜೀವಕೋಶ ಆಂಟಿಜೆನ್ ತೋರಿಸುವ ವ್ಯವಸ್ಥೆಯ ಸರಿಯಾದ ಗಂಟಿಗೇ ಕೈ ಹಾಕಿದೆ ಅನ್ನುವುದು ಸಣ್ಣ ಮಾತಲ್ಲ.

ಯಾರನ್ನು ನೋಡಿದೆವು

ಈಗ ಆ ರಾತ್ರಿ ಹಿರಿಯರು ಹೇಳಿದ ಮಾತಿಗೆ ಬರೋಣ. ಎರಿಕ್ ಒಟ್ಟೆಸನ್ ಮತ್ತು ಸಂಗಡಿಗರು 1977ರಲ್ಲೇ ಒಂದು ವಿಷಯ ತೋರಿಸಿದ್ದರು. ರಕ್ತದಲ್ಲಿ ಮರಿಹುಳ ಓಡಾಡುತ್ತಿರುವವರ ಟಿ-ಕೋಶಗಳು ಬೇರೆಲ್ಲದಕ್ಕೂ ಸರಿಯಾಗಿ ಸ್ಪಂದಿಸುತ್ತವೆ, ಈ ಹುಳದ ಆಂಟಿಜೆನ್‌ಗೆ ಮಾತ್ರ ಸುಮ್ಮನಿರುತ್ತವೆ. ಇವರಲ್ಲಿ ಬಹಳ ಜನಕ್ಕೆ ಹೊರಗೆ ಏನೂ ಕಾಣುವುದಿಲ್ಲ. ಕಾಲು ಸಪೂರ, ಮೈ ಆರಾಮ. ಸೊಳ್ಳೆಗೆ ಹುಳ ಕೊಡುವವರು ಇವರು.

ಕಾಲು ಊದಿದವರ ಕಥೆ ಬೇರೆ. ಅವರಲ್ಲಿ ಹೆಚ್ಚಿನವರ ರಕ್ತದಲ್ಲಿ ಮರಿಹುಳ ಸಿಗುವುದಿಲ್ಲ. ಅವರ ಟಿ-ಕೋಶಗಳು ಹುಳದ ಆಂಟಿಜೆನ್‌ಗೆ ಜೋರಾಗಿ ಸ್ಪಂದಿಸುತ್ತವೆ. ಹುಳದ ವಾಸದಿಂದ ಹಾಳಾದ ದುಗ್ಧನಾಳ, ಮೈಯ ಸಿಟ್ಟು, ಮೇಲಿಂದ ಬೆರಳಸಂದಿಯ ಬಿರುಕಿನಲ್ಲಿ ಹೊಕ್ಕ ಬ್ಯಾಕ್ಟೀರಿಯಾದ ಜ್ವರ, ಇವೆಲ್ಲ ಸೇರಿ ಕಾಲು ಹಾಗಾಗುತ್ತದೆ. ಅಂದರೆ ಮಂತ್ ಕಾಲು ಎಷ್ಟೋ ಸಲ ಹುಳವನ್ನು ಕಂಡ ಮೈಯ ಗುರುತು, ಹುಳ ಹರಡುವ ಮೈಯದ್ದಲ್ಲ. ಮುಟ್ಟಿದರೆ ಅಂಟುವ ಮಾತಂತೂ ಇಲ್ಲವೇ ಇಲ್ಲ.

ನಮ್ಮ ದೊಡ್ಡಜ್ಜಿಯನ್ನು ಹಿಂದಿನ ಜಗಲಿಗೆ ಕಳಿಸಿದ್ದು ಇದಕ್ಕೆ. ಟಿ-ಕೋಶದ ಹಾಗೇ ನಾವೂ ಎದುರಿಗೆ ಹಿಡಿದದ್ದನ್ನು ಮಾತ್ರ ಕಂಡೆವು. ಟಿ-ಕೋಶಕ್ಕೆ ಬೇರೆ ಕಣ್ಣಿಲ್ಲ, ನಮಗೆ ಇತ್ತು.

ಔಷಧದ ಕಥೆಯೂ ಇಲ್ಲಿ ಸೇರುತ್ತದೆ. 1947ರಲ್ಲಿ ಬಂದ ಡಿಇಸಿ ಮಾತ್ರೆ ಅಮೆರಿಕದ ಲೆಡರ್ಲಿಯಲ್ಲಿ, ನಮ್ಮ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಸಂಶೋಧನಾ ವಿಭಾಗದಿಂದ ಬಂದದ್ದು. ಗಾಜಿನ ತಟ್ಟೆಯಲ್ಲಿ ಮರಿಹುಳಗಳ ಮೇಲೆ ಹಾಕಿದರೆ ಅದು ಹೆಚ್ಚೇನೂ ಮಾಡುವುದಿಲ್ಲ. ಮೈಯೊಳಗೆ ಹೋದರೆ ರಕ್ತದಿಂದ ಅವು ಬೇಗ ಮಾಯ. ಮೈಯ ಸ್ವಂತ ಪಡೆಯ ಸಹಾಯ ಅದಕ್ಕೆ ಬೇಕು. ದೊಡ್ಡ ಹುಳ ಪೂರ್ತಿ ಸಾಯುವುದಿಲ್ಲ ಅಂತಲೇ ವರ್ಷಕ್ಕೊಮ್ಮೆ ಎಲ್ಲರಿಗೂ, ಆರೋಗ್ಯವಾಗಿ ಕಾಣುವವರಿಗೂ, ಮಾತ್ರೆ ಕೊಡುವ ಕಾರ್ಯಕ್ರಮ ಭಾರತದಲ್ಲಿ 2004ರಿಂದ ದೊಡ್ಡದಾಗಿ ನಡೆಯಿತು. "ನನಗೇನಾಗಿದೆ, ನಾನ್ಯಾಕೆ ನುಂಗಲಿ" ಅನ್ನುವ ಪ್ರಶ್ನೆ ಆ ಮಾತ್ರೆಯನ್ನು ಸೋಲಿಸಿದಷ್ಟು ಬೇರೆ ಯಾವುದೂ ಸೋಲಿಸಿಲ್ಲ ಅನಿಸುತ್ತದೆ ನನಗೆ. ನಾನೂ ಕೇಳಿದ್ದು ಅದೇ ಪ್ರಶ್ನೆ, ಇಯರ್‌ಫೋನ್ ಕೈಯಲ್ಲಿ ಹಿಡಿದು.

ಕಾಸರಗೋಡಿನ ಬಕೆಟ್ಟು

ಆಗಲೇ ಊದಿದ ಕಾಲಿಗೆ ಏನು? ಇದಕ್ಕೆ ಉತ್ತರ ಹುಡುಕಿದವರು ನಮ್ಮ ಗಡಿಯಲ್ಲೇ ಇದ್ದಾರೆ. ಕಾಸರಗೋಡಿನಲ್ಲಿ ಡಾ. ಎಸ್. ಆರ್. ನರಹರಿ 1999ರಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ. ಅಲ್ಲಿ ಕಾಲನ್ನು ಸೋಪಿನಲ್ಲಿ ಚೆನ್ನಾಗಿ ತೊಳೆದು ಒರೆಸುವುದು, ಆಯುರ್ವೇದದ ಕಷಾಯದಲ್ಲಿ ನೆನೆಸುವುದು, ಉಸಿರಾಟ ಮತ್ತು ಯೋಗ, ಎಣ್ಣೆ ತಿಕ್ಕುವುದು, ಕೊನೆಗೆ ಬಿಗಿ ಬ್ಯಾಂಡೇಜು, ಬ್ಯಾಕ್ಟೀರಿಯಾ ಹೊಗುವ ಬಿರುಕುಗಳಿಗೆ ಆಧುನಿಕ ಔಷಧ. ಮನೆಯಲ್ಲಿ ಮಾಡಿಕೊಳ್ಳುವುದನ್ನೂ ಕಲಿಸುತ್ತಾರೆ. ಈ ಕ್ರಮವನ್ನು ಅವರು ಎರಡು ಜಿಲ್ಲೆಗಳ ಹಳ್ಳಿಗಳಿಗೆ ಒಯ್ದು ಪರೀಕ್ಷಿಸಿದರು. ಒಂದು ಆಲಪ್ಪುಳ, ಅಂದರೆ ನಮ್ಮ ಚೇರ್ತಲ ಇರುವ ಜಿಲ್ಲೆ. ಇನ್ನೊಂದು ಕಲಬುರಗಿ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಊತವೂ ಜ್ವರದ ಸರದಿಯೂ ಕಡಿಮೆಯಾಗಿದ್ದವು.

ಕಲಬುರಗಿ ಯಾಕೆ ಅಂದಿರಾ? ಆನೆಕಾಲು ರೋಗದ ಪಟ್ಟಿಯಲ್ಲಿ ನಮ್ಮ ಜಿಲ್ಲೆಗಳು ಕಡಿಮೆ ಏನಿಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಒಂದು ಕಡೆ, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಇನ್ನೊಂದು ಕಡೆ. ನಮ್ಮ ದೊಡ್ಡಜ್ಜಿಯ ಕಾಲು ಪಾಪದ ಫಲ ಆಗಿರಲಿಲ್ಲ, ಸೊಳ್ಳೆಯ ಫಲ. ಅವರ ಕಾಲಕ್ಕೆ ಒಂದು ಬಕೆಟ್ ನೀರು, ಸೋಪು, ಬ್ಯಾಂಡೇಜು, ಸರಿಯಾಗಿ ತಿಳಿಸಿ ಹೇಳುವ ಒಬ್ಬರು ಇದ್ದಿದ್ದರೆ ಇಷ್ಟು ನೋವು ತಿನ್ನುತ್ತಿರಲಿಲ್ಲ.

ಎರಡು ವಾರ ಬಿಟ್ಟು ನಾನೇ ರಾತ್ರಿ ಕ್ಲಿನಿಕ್‌ಗೆ ಹೋಗಿ ಬೆರಳು ಕೊಟ್ಟು ಬಂದೆ. ಹುಳ ಇರಲಿಲ್ಲ. ಮನೆಗೆ ಬಂದು ಕೆಳಗೆ ಅಮ್ಮಚ್ಚಿಗೆ ಹೇಳಿದೆ. "ನಂಗೆ ಚುಚ್ಚಿದ್ದೂ ಏನೂ ಸಿಗಲಿಲ್ವಂತೆ" ಅಂದರು. ಆ ರಾತ್ರಿ, ಎಂಬತ್ತು ದಾಟಿದವರು, ನಾನು ಬಾಗಿಲು ಹಾಕಿಕೊಂಡಾಗ ಬೆರಳು ಚಾಚಿದ್ದರು.

ಊರಿಗೆ ಫೋನ್ ಮಾಡಿ ಅಮ್ಮನಿಗೂ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ಅವರ ಪಕ್ಕ ಕೂರಬಹುದಿತ್ತು ಅಲ್ವಾ" ಅಂದರು. ಹೂಂ ಅಂದೆ.

ನೀವು ಕೊಚ್ಚಿಯಲ್ಲಿ ಇರಿ, ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಇರಿ, ರಾತ್ರಿ ಒಂಬತ್ತಕ್ಕೆ ಯಾರಾದರೂ ಸ್ಲೈಡು ಹಿಡಿದು ಬಂದರೆ ಕಾಲ್ ಮ್ಯೂಟ್ ಮಾಡಿ ಬೆರಳು ಕೊಡಿ. ಊರಲ್ಲಿ ಮಾತ್ರೆ ಹಂಚಲು ಆಶಾ ಕಾರ್ಯಕರ್ತೆ ಬಂದರೆ, ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತುಂಬಾ ಹುಷಾರಿಲ್ಲದವರನ್ನು ಬಿಟ್ಟು ಉಳಿದವರು ಅವರ ಎದುರೇ ನುಂಗಲಿ ಅಂತ ಮನೆಯವರಿಗೆ ಹೇಳಿ. ಕಾಲು ಊದಿದವರು ಮನೆಯಲ್ಲಿ ಇದ್ದರೆ, ಮುಂದಿನ ಮದುವೆ ಊಟಕ್ಕೆ ಅವರ ಪಕ್ಕದ ಎಲೆ ಖಾಲಿ ಬಿಡಬೇಡಿ.